ಒಣ ಬ್ರಷ್ಷಿನ ಫಾಂಟ್: ಬೋರ್ಡ್‌ಗೆ ಸೈ, ಮೆನುಗೆ ಬೇಡ

[ತೆರೆ: ಕಪ್ಪು ಹಿನ್ನೆಲೆ. ದಪ್ಪ ಹಳದಿ ಅಕ್ಷರದಲ್ಲಿ ‘ಬೆಣ್ಣೆ ದೋಸೆ’]

ನಮಸ್ಕಾರ. ದಾವಣಗೆರೆಯಲ್ಲಿ ದೋಸೆ ಹೋಟೆಲ್‌ಗೇನು ಬರವಿಲ್ಲ. ಇನ್ನೊಂದು ಶುರುವಾಗುತ್ತಿದೆ ಅಂದುಕೊಳ್ಳಿ. ಬೋರ್ಡ್‌ಗೆ ಯಾವ ಅಕ್ಷರ ಹಾಕಿಸೋಣ? ತೆರೆ ಮೇಲಿರುವುದು ಟೆಕ್ಸ್ಚರ್ ಇರುವ ಬ್ರಷ್ ಸ್ಕ್ರಿಪ್ಟ್ ಫಾಂಟ್.

ಬಣ್ಣ ಕಮ್ಮಿ ಇರುವ ಬ್ರಷ್ಷನ್ನು ಜೋರಾಗಿ ಎಳೆದರೆ ಗೀಟು ಶುರುವಿನಲ್ಲಿ ತುಂಬಿಕೊಂಡಿರುತ್ತದೆ. ಕೊನೆಗೆ ಬರುತ್ತಾ ಎಳೆ ಎಳೆಯಾಗಿ ಒಡೆಯುತ್ತದೆ, ನಡುವೆ ಗೋಡೆ ಕಾಣುತ್ತದೆ. ಆ ಒಡಕೇ ಈ ಫಾಂಟಿನ ಬಂಡವಾಳ. 1942ರಲ್ಲಿ ಅಮೆರಿಕದಲ್ಲಿ ಬಂದ ‘ಬ್ರಷ್ ಸ್ಕ್ರಿಪ್ಟ್’ ನೋಡಿ. ಕೈಬರಹದ ಓಟ ಇದೆ, ಆದರೆ ಅಂಚೆಲ್ಲ ನುಣುಪು. ಸೀಸದ ಅಚ್ಚುಮೊಳೆಯ ಕಾಲ ಅದು.

[ಝೂಮ್: ಅಕ್ಷರಗಳ ತಲೆಭಾಗ]

ಈಗ ಹತ್ತಿರದಿಂದ ನೋಡೋಣ. ಬೆ, ಣ್ಣೆ, ದೋ, ಸೆ. ನಾಲ್ಕರ ತಲೆ ಮೇಲೂ ಎತ್ವದ ಸುಳಿ ಇದೆ. ನಾಲ್ಕು ಸುಳಿಯಲ್ಲೂ ಅದೇ ಗೀರು, ಅದೇ ಜಾಗದಲ್ಲಿ! ಕೈಯಲ್ಲಿ ಬರೆದವರು ಹೀಗೆ ಬರೆಯುತ್ತಾರಾ? ಕಳ್ಳತನ ಸಿಕ್ಕಿಬೀಳುವುದು ಇಲ್ಲೇ. ಒಳ್ಳೆಯ ಫಾಂಟಿನಲ್ಲಿ ಒಂದೇ ಅಕ್ಷರಕ್ಕೆ ಎರಡು ಮೂರು ರೂಪ ಕೊಟ್ಟಿರುತ್ತಾರೆ, ಸಾಫ್ಟ್‌ವೇರ್‌ನಲ್ಲಿ ‘ಆಲ್ಟರ್ನೇಟ್ಸ್’ ಹುಡುಕಿ. ಇಲ್ಲದಿದ್ದರೆ ಅಕ್ಷರವನ್ನು ಕರ್ವ್ ಮಾಡಿ, ಅಂದರೆ ಟೈಪ್ ಮಾಡಿದ ಅಕ್ಷರವನ್ನು ಚಿತ್ರದ ಗೆರೆಗಳಾಗಿ ಬದಲಿಸಿ, ಒಂದೆರಡು ಸುಳಿಯ ಗೀರನ್ನು ನೀವೇ ತಿದ್ದಿ. ಐದು ನಿಮಿಷದ ಕೆಲಸ, ಬೋರ್ಡಿನ ಕಳೆಯೇ ಬೇರೆ.

ಹಾಂ, ‘ಣ್ಣೆ’ಯ ಒತ್ತು ಕೆಳಗೆ ಇಳಿಯುತ್ತದಲ್ವಾ? ಕೆಳಗಿನ ಸಾಲಿಗೆ ಜಾಗ ಜಾಸ್ತಿ ಬಿಡಿ.

[ತೆರೆ: ಬ್ಯಾನರ್, ಟೀ ಶರ್ಟ್, ಥಂಬ್‌ನೇಲ್]

ಎಲ್ಲಿ ಚೆನ್ನ? ಹೋಟೆಲ್ ಹೆಸರು, ದುಗ್ಗಮ್ಮನ ಜಾತ್ರೆಯ ಬ್ಯಾನರ್, ಟೀ ಶರ್ಟ್, ವಿಡಿಯೋ ಥಂಬ್‌ನೇಲ್. ಎರಡು ಮೂರು ಪದ, ದೊಡ್ಡದಾಗಿ, ಅಷ್ಟೇ. ಮೆನುವಿನ ರೇಟು, ಫೋನ್ ನಂಬರ್, ಮದುವೆ ಪತ್ರಿಕೆಯ ವಿಳಾಸ ಇದರಲ್ಲಿ ಬೇಡವೇ ಬೇಡ. ಸಣ್ಣ ಸೈಜಿನಲ್ಲಿ ಗೀರೆಲ್ಲ ಮುಚ್ಚಿಕೊಂಡು ಕೊಳೆ ಹತ್ತಿದ ಹಾಗೆ ಕಾಣುತ್ತದೆ. ಅದಕ್ಕೆ ಪಕ್ಕದಲ್ಲಿ ಒಂದು ಸಾದಾ ಫಾಂಟ್ ಇಟ್ಟುಕೊಳ್ಳಿ. ಹೆಸರನ್ನು ಇಂಗ್ಲಿಷ್‌ನಲ್ಲೂ ಹಾಕುವುದಾದರೆ ಎಲ್ಲಾ ಕ್ಯಾಪಿಟಲ್ ಮಾಡಬೇಡಿ. ಸ್ಕ್ರಿಪ್ಟ್ ಅಕ್ಷರ ಒಂದಕ್ಕೊಂದು ಕೂಡುವುದಕ್ಕೇ ಇರುವುದು.

ಇನ್ನು ರೇಡಿಯಂ ಕಟಿಂಗ್. ಆಟೋ ಹಿಂದೆ ಅಂಟಿಸಲು ಇದನ್ನು ಕೊಟ್ಟರೆ ಅಂಗಡಿಯವರು ನಿಮ್ಮನ್ನು ಬೈಯುತ್ತಾರೆ, ಬೈಯಲೇಬೇಕು. ಮಷೀನಿನ ಬ್ಲೇಡು ಪ್ರತಿ ಗೀರನ್ನೂ ಬೇರೆ ಬೇರೆ ಕತ್ತರಿಸುತ್ತದೆ. ಸಾಸಿವೆಯಷ್ಟು ಚೂರುಗಳನ್ನು ಕಿತ್ತು ಕೂರುವವರು ಯಾರು? ಅಲ್ಲಿಗೆ ಇದೇ ಶೈಲಿಯ ನುಣುಪು ಅಂಚಿನ ಫಾಂಟ್ ಹಾಕಿ. ಪ್ರಿಂಟ್ ಮಾಡಿದ ಸ್ಟಿಕ್ಕರ್ ಆದರೆ ತೊಂದರೆಯಿಲ್ಲ.

ಫಾಂಟ್ ಫ್ರೀ ಸಿಕ್ಕಿತು ಅಂತ ಸುಮ್ನೆ ಬೋರ್ಡಿಗೆ ಏರಿಸಬೇಡಿ. ಎಷ್ಟೋ ಫಾಂಟ್‌ಗಳು ಸ್ವಂತ ಬಳಕೆಗೆ ಮಾತ್ರ ಫ್ರೀ, ವ್ಯಾಪಾರಕ್ಕೆ ದುಡ್ಡು ಕೊಡಬೇಕು. ಜೊತೆಗೆ ಬಂದ ಲೈಸೆನ್ಸ್ ಫೈಲ್ ಓದಿ. ಪ್ರೆಸ್‌ಗೆ ಕೊಡುವ ಮುಂಚೆ ಕರ್ವ್ ಮಾಡುತ್ತೀರಲ್ಲ, ಮಾಡದ ಫೈಲ್ ಒಂದು ನಿಮ್ಮ ಹತ್ತಿರ ಇರಲಿ. ಕರ್ವ್ ಆದ ಮೇಲೆ ‘ಬೆಣೆ ದೋಸೆ’ ಅಂತ ಕಂಡರೆ ಟೈಪ್ ಮಾಡಿ ತಿದ್ದುವ ಹಾಗಿಲ್ಲ.