ಚಂಪಾವತ್‌ನಲ್ಲಿ ಒಂದು ಸಂಜೆ

ಈ ದೃಶ್ಯ ಸ್ವಲ್ಪ ನೋಡಿ. ಹುಲ್ಲಿನ ಮೆದೆಗೇ ಕಾಲು ಬಂದು ನಡೆಯುತ್ತಿರುವ ಹಾಗಿದೆ ಅಲ್ವಾ? ಹತ್ತಿರ ಬಂದಾಗ ಹೊರೆಯ ಕೆಳಗೊಂದು ಮುಖ ಕಾಣಿಸಿತು. ಸೊಂಟದಲ್ಲಿ ಕುಡುಗೋಲು, ಕಾಲಲ್ಲಿ ಪ್ಲಾಸ್ಟಿಕ್ ಚಪ್ಪಲಿ. ನಾನು ಬರೀ ಕ್ಯಾಮೆರಾ ಬ್ಯಾಗ್ ಹೊತ್ತು ಏದುಸಿರು ಬಿಡುತ್ತಿದ್ದೆ. ಅವರು ನಕ್ಕು ಮುಂದೆ ಹೋದರು.

ಇದು ಉತ್ತರಾಖಂಡದ ಕುಮಾವೂನ್ ಬೆಟ್ಟಸೀಮೆ. ಊರು ಚಂಪಾವತ್. ಚಂದ್ ಅರಸರ ಹಳೇ ರಾಜಧಾನಿ. ಅವರು ಆಮೇಲೆ ಅಲ್ಮೋರಕ್ಕೆ ಹೋದರು, ಬಾಲೇಶ್ವರ ದೇವಸ್ಥಾನದ ಕಲ್ಲಿನ ಕೆತ್ತನೆ ಇಲ್ಲೇ ಉಳಿಯಿತು.

ಸುಳ್ಳು ಯಾಕೆ ಹೇಳಲಿ, ನಾನು ಬಂದಿದ್ದು ಹುಲಿ ಕತೆಯ ಹಿಂದೆ. ತೇಜಸ್ವಿಯವರ ಅನುವಾದದಲ್ಲಿ ರುದ್ರಪ್ರಯಾಗದ ನರಭಕ್ಷಕನ ಕತೆ ಓದಿ, ರಾತ್ರಿ ಬಚ್ಚಲಿಗೆ ಹೋಗಲೂ ಹೆದರಿದವರಲ್ಲಿ ನಾನೂ ಇದ್ದೇನೆ. ಆ ಕತೆ ಬರೆದ ಬೇಟೆಗಾರ ಜಿಮ್ ಕಾರ್ಬೆಟ್ ಹುಚ್ಚು ಹಿಡಿದಿದ್ದೇ ಅಲ್ಲಿಂದ. 1944ರಲ್ಲಿ ಬಂದ ಅವರ ಕುಮಾವೂನ್ ನರಭಕ್ಷಕಗಳ ಪುಸ್ತಕದಲ್ಲಿ ಮೊದಲ ಕತೆ ಈ ಊರಿನದೇ. ನೇಪಾಳದಲ್ಲಿ 200, ಇಲ್ಲಿ ಕುಮಾವೂನ್‌ನಲ್ಲಿ 236, ಒಟ್ಟು 436 ಜನರನ್ನು ಕೊಂದ ಹೆಣ್ಣು ಹುಲಿ. 1907ರಲ್ಲಿ ಕಾರ್ಬೆಟ್ ಅದನ್ನು ಹೊಡೆದರು. ಬಾಯಿ ಬಿಡಿಸಿ ನೋಡಿದರೆ ಬಲಗಡೆಯ ಎರಡೂ ಕೋರೆಹಲ್ಲು ಮುರಿದಿದ್ದವು. ಯಾರದೋ ಹಳೇ ಗುಂಡೇಟು. ಸಹಜ ಬೇಟೆ ಆಗದೆ ಮನುಷ್ಯರ ಮೇಲೆ ಬಿದ್ದಿತ್ತು.

ಚಿಕ್ಕವಯಸ್ಸಲ್ಲಿ ಗುಂಡು ಹಾರುವ ಜಾಗವನ್ನೇ ಮತ್ತೆ ಮತ್ತೆ ಓದುತ್ತಿದ್ದೆ. ಈಗ ಓದಿದರೆ ಕಣ್ಣು ನಿಲ್ಲುವುದು ಪಾಲಿ ಎಂಬ ಹಳ್ಳಿಯಲ್ಲಿ. ಐದು ದಿನ ಯಾರೂ ಹೊಸ್ತಿಲು ದಾಟಿರಲಿಲ್ಲ. ಅಂಗಳದ ಗಲೀಜು ನೋಡಿದರೇ ಅದು ಗೊತ್ತಾಗುತ್ತಿತ್ತು ಎಂದು ಕಾರ್ಬೆಟ್ ಬರೆಯುತ್ತಾರೆ. ಹುಲಿಗೆ ಸಿಕ್ಕವರಲ್ಲಿ ಸೊಪ್ಪು, ಸೌದೆ, ಹುಲ್ಲಿಗೆ ಅಂತ ಕಾಡಿಗೆ ಹೋದ ಹೆಂಗಸರಿದ್ದರು. ಹೋಗದಿದ್ದರೆ ದನಕ್ಕೆ ಮೇವು ಎಲ್ಲಿಂದ?

ಸಂಜೆ ಚಹಾ ಅಂಗಡಿಯಲ್ಲಿ ಕೂತಿದ್ದಾಗ ಕೆಳಗಿನ ಕಾಡಿನಿಂದ ನಾಯಿ ಬೊಗಳಿದ ಹಾಗೆ ಕೇಳಿಸಿತು. ನಾಯಿಯಲ್ಲ, ಕಾಕರ್. ನಮ್ಮ ಮಲೆನಾಡಿನ ಕಾಡುಕುರಿಯೇ, ಅಪಾಯ ಕಂಡರೆ ಹೀಗೆ ಬೊಗಳುವ ಜಿಂಕೆ. ಅಂಗಡಿಯ ದಾಜ್ಯು, ಅಂದರೆ ಇಲ್ಲಿಯವರ ಮಾತಲ್ಲಿ ಅಣ್ಣ, ಸೌಟು ಹಿಡಿದ ಕೈ ಹಾಗೇ ನಿಲ್ಲಿಸಿದರು. "ಗುಲ್ದಾರ್ ಇರಬೇಕು" ಅಂದರು. ಗುಲ್ದಾರ್ ಅಂದರೆ ಚಿರತೆ. ಅಂಗಳದಲ್ಲಿ ಆಡುತ್ತಿದ್ದ ಮಗುವನ್ನು ಒಳಗೆ ಕರೆದು, ಬಾಗಿಲು ಮುಂದಕ್ಕೆ ಎಳೆದು, ಆಮೇಲೆ ನನ್ನ ಲೋಟಕ್ಕೆ ಚಹಾ ಸುರಿದರು.

ಆ ಕೂಗು ರೆಕಾರ್ಡ್ ಆಗಿದೆ. ಮ್ಯೂಸಿಕ್ ಹಾಕಿಲ್ಲ. ಹೆಡ್‌ಫೋನ್ ಇದ್ದರೆ ಹಾಕಿಕೊಳ್ಳಿ, ಸುಮ್ನೆ ಕೇಳಿ.