ಹೊಗೆ ಹೋದ ಮೇಲೂ ಉಳಿಯುವ ಮನೆ ರೇಟು

ನಮಸ್ಕಾರ. ನಿಮ್ಮಲ್ಲೇ ಒಬ್ಬರು ಕೇಳಿದ್ದರು: "ಗಾಳಿ ಕೆಟ್ಟರೆ ಮನೆ ರೇಟು ಇಳಿಯುತ್ತದೆ ಅಂತಾರೆ. ಆದರೆ ಗಾಳಿ ಕೆಟ್ಟಿರುವ ದೊಡ್ಡ ನಗರಗಳಲ್ಲೇ ರೇಟು ಜಾಸ್ತಿ ಅಲ್ವಾ, ಇದೇನು ಕಥೆ?"

ಕಥೆ ಇಷ್ಟೇ. ಕೆಲಸ ಇರುವ ಕಡೆ ಜನ ಬರುತ್ತಾರೆ, ಜನರ ಹಿಂದೆಯೇ ಗಾಡಿ, ಕಾರ್ಖಾನೆ, ಧೂಳು. ರೇಟು ಏರಿಸಿದ್ದು ಸಂಬಳ, ಹೊಗೆಯಲ್ಲ. ಹಾಗಾಗಿ ಸುಮ್ನೆ ಊರಿಗೆ ಊರು ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ. ಒಂದೇ ಊರಲ್ಲಿ ಅಷ್ಟೇ ರೂಮು, ಅಷ್ಟೇ ಹಳೆಯ ಮನೆ, ಕೆಲಸಕ್ಕೂ ಅಷ್ಟೇ ದೂರ, ಗಾಳಿ ಮಾತ್ರ ಬೇರೆ ಅಂದಾಗ ರೇಟಲ್ಲಿ ಉಳಿಯುವ ವ್ಯತ್ಯಾಸ ಇದೆಯಲ್ಲ, ಅದು ಗಾಳಿಯ ಬೆಲೆ. 1967ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ರಿಡ್ಕರ್ ಮತ್ತು ಹೆನ್ನಿಂಗ್ ಅನ್ನುವ ಸಂಶೋಧಕರು ಹೀಗೆ ಲೆಕ್ಕ ಹಾಕಿದರು. 1978ರಲ್ಲಿ ಹ್ಯಾರಿಸನ್ ಮತ್ತು ರೂಬಿನ್‌ಫೆಲ್ಡ್ ಅಮೆರಿಕದ್ದೇ ಬಾಸ್ಟನ್ ಪ್ರದೇಶದ 506 ಚಿಕ್ಕ ಚಿಕ್ಕ ಜನಗಣತಿ ಭಾಗಗಳನ್ನು ಹಿಡಿದು ಅದನ್ನೇ ಮಾಡಿದರು. ಮಷಿನ್ ಲರ್ನಿಂಗ್ ಕಲಿತವರು ಈಗ ಎದ್ದು ಕೂತಿರಬೇಕು! ಹೌದು, ಕಂಪ್ಯೂಟರಿಗೆ ಮನೆ ರೇಟು ಊಹಿಸಲು ಕಲಿಸುವಾಗ ಅಭ್ಯಾಸಕ್ಕೆ ಕೊಡುತ್ತಿದ್ದರಲ್ಲ, ಅದೇ ಬಾಸ್ಟನ್ ಹೌಸಿಂಗ್ ಡೇಟಾ. ಅದರಲ್ಲಿ ನೈಟ್ರೋಜನ್ ಆಕ್ಸೈಡ್, ಅಂದರೆ ಗಾಳಿ ಕೆಡಿಸುವ ಒಂದು ಅನಿಲ, ಅಂತ ಒಂದು ಕಾಲಮ್ ಇತ್ತಲ್ಲ, ಡೇಟಾ ಕೂಡಿಸಿದ್ದೇ ಅದಕ್ಕಾಗಿ. ನಾವು ಅದನ್ನು ಬಿಟ್ಟು ಬೇರೆ ಎಲ್ಲಾ ಮಾಡಿದೆವು.

ಈಗ ನನಗೆ ತುಂಬಾ ಇಷ್ಟವಾದ ವಿಷಯ. ಇಂಗ್ಲೆಂಡಿನ ಎಷ್ಟೋ ಹಳೆಯ ಕಾರ್ಖಾನೆ ಊರುಗಳಲ್ಲಿ ಬಡವರ ಬೀದಿಗಳು ಪೂರ್ವಕ್ಕೇ ಇರುತ್ತವೆ. ಯಾಕೆ? ಅಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ, ಹೊಗೆ ಪೂರ್ವಕ್ಕೆ ಹೋಗುತ್ತದೆ. ಹೆಬ್ಲಿಕ್, ಟ್ರೂ, ಜಿಲ್ಬರ್‌ಬರ್ಗ್ ಅನ್ನುವ ಮೂವರು ಅರ್ಥಶಾಸ್ತ್ರಜ್ಞರು 19ನೇ ಶತಮಾನದ ಕೊನೆಯ ಸರ್ವೆ ನಕ್ಷೆಗಳನ್ನು ಹರಡಿಕೊಂಡು 70 ಊರುಗಳ ಕಾರ್ಖಾನೆ ಚಿಮಣಿಗಳನ್ನು ಗುರುತು ಹಾಕಿದರು. ಸುಮಾರು 5000 ಚಿಮಣಿ! ಯಾವುದರ ಹೊಗೆ ಎಲ್ಲಿ ಬೀಳುತ್ತಿತ್ತು ಅಂತ ಗಾಳಿಯ ದಿಕ್ಕು ಹಿಡಿದು ಲೆಕ್ಕ ಮಾಡಿದರು. ಇಂಥ ತಾಳ್ಮೆ ನನಗಂತೂ ಇಲ್ಲ.

(ಸ್ಕ್ರೀನ್: ನಡುವೆ ಒಂದು ಚಿಮಣಿ, ಎರಡೂ ಕಡೆ ಒಂದೊಂದು ಬೀದಿ)

ಇಲ್ಲಿ ನೋಡಿ. ಎರಡೂ ಬೀದಿ ಕಾರ್ಖಾನೆಗೆ ಅಷ್ಟೇ ಹತ್ತಿರ. ಪಶ್ಚಿಮದ ಬೀದಿಯಲ್ಲಿ ಹಗ್ಗಕ್ಕೆ ಹಾಕಿದ ಬಿಳಿ ಅಂಗಿ ಬಿಳಿಯಾಗೇ ಒಣಗುತ್ತದೆ. ಪೂರ್ವದ ಬೀದಿಯಲ್ಲಿ ಸಂಜೆ ಹೊತ್ತಿಗೆ ಮಸಿ ಮೆತ್ತಿರುತ್ತದೆ, ಇನ್ನೊಮ್ಮೆ ಒಗೆಯಬೇಕು. ಕಾಸಿದ್ದವರು ಯಾವ ಕಡೆ ಮನೆ ಮಾಡಿದರು ಅಂತ ಹೇಳಬೇಕಾ?

ಆಮೇಲೆ 1956ರಲ್ಲಿ ಬ್ರಿಟನ್‌ನಲ್ಲಿ ಹೊಗೆ ತಡೆಯುವ ಕಾನೂನು ಬಂತು. ಆಕಾಶ ತಿಳಿಯಾಯಿತು. ಆದರೂ ಅವತ್ತು ಹೊಗೆ ಜಾಸ್ತಿ ಕುಡಿದ ಬೀದಿಗಳಲ್ಲಿ ಬಡತನ ಇವತ್ತಿಗೂ ಜಾಸ್ತಿಯೇ ಇದೆ. ಅಕ್ಕಪಕ್ಕ ಯಾರಿದ್ದಾರೆ, ಶಾಲೆ ಹೇಗಿದೆ ಅಂತ ನೋಡಿಯೇ ಜನ ಮನೆ ಹುಡುಕುವುದು, ಅಲ್ವಾ? ಚಿಮಣಿ ಕೆಡವಿದ ಮಾತ್ರಕ್ಕೆ ಅದೆಲ್ಲ ಬದಲಾಗುವುದಿಲ್ಲ.

ಅಯ್ಯೋ, ಚಿಮಣಿಯಲ್ಲೇ ಟೈಮ್ ಹೋಯಿತು. ಉಳಿದದ್ದು ಬೇಗ ಬೇಗ. ಅಮೆರಿಕದಲ್ಲಿ 1970ರ ಗಾಳಿ ಶುದ್ಧಿ ಕಾನೂನಿನ ಕೆಳಗೆ ಧೂಳು ಮಿತಿ ಮೀರಿದ ಕೌಂಟಿಗಳಿಗೆ (ನಮ್ಮ ಜಿಲ್ಲೆಗಳ ಹಾಗೆ) ನಿಯಮ ಬಿಗಿ ಮಾಡಿದರು. ಧೂಳು ಇಳಿಯಿತು, ಮನೆ ರೇಟು ಏರಿತು: ಧೂಳು 10% ಇಳಿದರೆ ರೇಟು 2ರಿಂದ 3.5% ಮೇಲೆ, ಹತ್ತು ವರ್ಷದಲ್ಲಿ ಆ ಕೌಂಟಿಗಳ ಮನೆಗಳ ಬೆಲೆ ಒಟ್ಟು 4,500 ಕೋಟಿ ಡಾಲರ್ ಏರಿತು, ಇದು ಚೇ ಮತ್ತು ಗ್ರೀನ್‌ಸ್ಟೋನ್ ಅನ್ನುವ ಅರ್ಥಶಾಸ್ತ್ರಜ್ಞರ ಲೆಕ್ಕ. ಅಲ್ಲೇ ಇನ್ನೊಂದು ಅಧ್ಯಯನದಲ್ಲಿ ವಿಷ ಉಗುಳುವ ಕಾರ್ಖಾನೆ ಶುರುವಾದಾಗ ಅರ್ಧ ಮೈಲಿ ಒಳಗಿನ ಮನೆಗಳ ಬೆಲೆ ಸುಮಾರು 11% ಬಿತ್ತು. ಆದರೆ ಒಂದು ತೊಡಕು: ಮಸಿ, ವಾಸನೆ ಆದರೆ ಮನೆ ನೋಡಲು ಬಂದವರಿಗೆ ಗೊತ್ತಾಗುತ್ತದೆ. ಗಾಳಿಯಲ್ಲಿ ತೇಲುವ ತೀರಾ ಸಣ್ಣ ಧೂಳು, ಅಂದರೆ ಪಿಎಂ 2.5 ಕಣ, ಕೂದಲಿನ ದಪ್ಪದ ಮೂವತ್ತರಲ್ಲಿ ಒಂದು ಪಾಲು, ಅದನ್ನು ಯಾರು ನೋಡಿ ಚೌಕಾಸಿ ಮಾಡುತ್ತಾರೆ?

ಇನ್ನು ಬಾಡಿಗೆಗೆ ಇರುವವರ ಪಾಡು. ಗಾಳಿ ಸುಧಾರಿಸಿದರೆ ಓನರ್ ಬಾಡಿಗೆ ಏರಿಸುತ್ತಾರೆ, ಅದು ಕೈಗೆ ಎಟುಕದಿದ್ದರೆ ಮತ್ತೆ ಹೊಗೆ ಇರುವ ಕಡೆಗೇ ಗಂಟು ಕಟ್ಟಬೇಕು. ನನಗೆ ಇದು ಸರಿ ಅನ್ನಿಸುವುದಿಲ್ಲ. ಅದಕ್ಕೇ ಇನ್ನೊಂದು ವಿಡಿಯೋ ಮಾಡುತ್ತೇನೆ, ಈ ಸಲ ಚಿಮಣಿ ಇರುವುದಿಲ್ಲ. ಸಿಗೋಣ.