ಆಗಿದ್ದೆಲ್ಲ ಒಳ್ಳೆಯದಕ್ಕೇ ಆಗಲಿಲ್ಲ

ನಮಸ್ಕಾರ. ಅರವತ್ತು ದಾಟಿದವರು ಹರಟೆಗೆ ಕೂತರೆ ಒಂದು ಮಾತು ಬಂದೇ ಬರುತ್ತದೆ: ‘ಆಗಿದ್ದೆಲ್ಲ ಒಳ್ಳೆಯದಕ್ಕೇ ಆಯಿತು ಬಿಡಿ.’ ನನಗೂ ಅರವತ್ತು ದಾಟಿದೆ. ಶಿಡ್ಲಘಟ್ಟದ ಕಡೆ ರೇಷ್ಮೆ ನಂಬಿ ಬಾಳಿದವನು. ಈ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ.

ರೇಷ್ಮೆಹುಳುವಿಗೆ ಬರುವ ಹಾಲುತೊಂಡೆ ರೋಗ ಕಂಡವರಿಗೆ ಗೊತ್ತು. ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಕಳಚಿ, ಎದ್ದ ಹುಳು ಇನ್ನೇನು ಹಣ್ಣಾಗಿ, ಗೂಡು ಕಟ್ಟುವ ಚಂದ್ರಿಕೆ ಏರಬೇಕು. ಅಷ್ಟರಲ್ಲಿ ಮೈ ಊದಿಸಿಕೊಂಡು, ಸೊಪ್ಪು ಮುಟ್ಟದೆ, ತಟ್ಟೆಯ ಅಂಚಿನಲ್ಲಿ ಸುಮ್ಮನೆ ಅಲೆಯುತ್ತದೆ. ಬೆರಳು ತಾಗಿದರೆ ಚರ್ಮ ಒಡೆದು ಹಾಲಿನಂಥ ರಸ. ಒಮ್ಮೆ ಇಡೀ ಬೆಳೆಯನ್ನು ಗುಂಡಿಗೆ ಸುರಿದು ಸುಣ್ಣ ಹಾಕಿ ಮುಚ್ಚಿದೆವು. ಆ ವರ್ಷ ತಂಗಿಯ ಓದು ನಿಂತಿತು, ಮತ್ತೆ ಶುರುವಾಗಲಿಲ್ಲ. ಇದರಲ್ಲಿ ಯಾವ ಒಳ್ಳೆಯದಿತ್ತು? ಅವಳ ಎದುರು ಕೂತು ಯಾರಾದರೂ ಹೇಳಲಿ. ಈಗ ಅವಳ ಮಗಳು ನರ್ಸಿಂಗ್ ಮುಗಿಸಿದ್ದಾಳೆ. ಮನೆಯವರಿಗೆಲ್ಲ ಹಿಗ್ಗು. ಆದರೂ ಅದು ಮಗಳ ಓದು, ತಂಗಿಯದ್ದಲ್ಲ.

ಹಾಗೆಂದು ಬದುಕಿನ ಮೇಲೆ ನನಗೆ ಮುನಿಸಿಲ್ಲ. ತೀರಿಸಲಾಗದ ಋಣಗಳಿವೆ. ಮುಂದಿನ ಬೆಳೆಗೆ ಸಾಲ ಮಾಡಿ ಮೊಟ್ಟೆ ತಂದೆವು. ಕೊನೆಯ ಹಂತದಲ್ಲಿ ಸೊಪ್ಪು ಸಾಲಲಿಲ್ಲ. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಶೇಕಡಾ 80ರಷ್ಟು ತಿನ್ನುವುದು ಆ ಒಂದು ವಾರದಲ್ಲಿಯೇ. ಆಗ ಹಿಪ್ಪುನೇರಳೆಯನ್ನು ಯಾರೂ ಬಿಟ್ಟಿ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಪಕ್ಕದ ತೋಟದ ಅಕ್ಕ ಹೊತ್ತಿಗೆ ಮುಂಚೆ ಬಂದು ಸೊಪ್ಪಿನ ಹೊರೆ ಇಳಿಸಿ ಹೋಗುತ್ತಿದ್ದರು. ಲೆಕ್ಕ ಬರೆಯಲು ಹೋದರೆ ಬೈಯುತ್ತಿದ್ದರು. ‘ಕಷ್ಟವೇ ನಮ್ಮನ್ನು ಬೆಳೆಸಿತು’ ಎಂದು ಈಗ ಭಾಷಣ ಬಿಗಿದರೆ, ಆ ಅಕ್ಕನಿಗೆ ಸಲ್ಲಬೇಕಾದ ನಮಸ್ಕಾರ ಹಾಲುತೊಂಡೆಗೆ ಸಂದಂತಾಗುತ್ತದೆ.

ಇನ್ನೊಂದು ಕಿರಿಕಿರಿ. ಕೃತಜ್ಞತೆ ಎಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದುಕೊಂಡವರು ನಮ್ಮಲ್ಲಿ ಬಹಳ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಸಾವಿರ ಅಡಿ ಕೊರೆಸಿ ಬರೀ ಧೂಳು ಕಂಡ ರೈತರಿದ್ದಾರೆ. ಎಚ್.ಎನ್. ವ್ಯಾಲಿ (ಹೆಬ್ಬಾಳ-ನಾಗವಾರ ಕಣಿವೆ) ಯೋಜನೆಯಿಂದ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಇಲ್ಲಿನ ಕೆರೆಗಳಿಗೆ ಬಂದಾಗ ಏರಿಯ ಮೇಲೆ ನಿಂತು ನೋಡಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆ ನೀರಿಗೆ ಮೂರನೇ ಹಂತದ ಶುದ್ಧೀಕರಣ ಆಗಲಿ ಎಂದು ಕೂಗುವವರಲ್ಲಿಯೂ ನಾನಿದ್ದೇನೆ. ‘ನೀರು ಬಂತಲ್ಲ, ಇನ್ನೂ ಏನು ತಕರಾರು?’ ಎನ್ನುತ್ತಾರೆ. ಅಲ್ಲ ಸ್ವಾಮಿ, ಅದು ಇಂಗಿ ಸೇರುವುದು ನಮ್ಮ ಕೊಳವೆಬಾವಿಗಳಿಗೇ ತಾನೇ? ಮೊಮ್ಮಕ್ಕಳು ಕುಡಿಯುವ ನೀರಿನ ಬಗ್ಗೆ ಕೇಳದೆ ಇರಲಾದೀತೇ?